ಒಂಬತ್ತು ಮಾರು

ಅಂಜಿನಿ ಹಗ್ಗ ಅಳೆಯುತ್ತಿದ್ದಳು. ಮನೆಯ ಮುಂದಿನ ಚಪ್ಪಡಿಕಲ್ಲಿನ ಮೇಲೆ ನಿಂತು, ತೆಂಗಿನ ನಾರಿನ ಹೊಸ ಹಗ್ಗದ ತುದಿಯನ್ನು ಎಡಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಬಲಗೈಯನ್ನು ಚಾಚುವಷ್ಟು ಚಾಚಿ, ಮತ್ತೆ ಎರಡೂ ಕೈ ಸೇರಿಸಿ, ಮತ್ತೆ ಚಾಚಿ. ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೊಸಿಲ ಒಳಗೆ ಅಮ್ಮ ನರಸಮ್ಮ ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಮಲ್ಲಿಗೆ ಕಟ್ಟುತ್ತಿದ್ದಳು. ಆಗಾಗ ತಲೆ ಎತ್ತಿ ಮಗಳ ಕೈ ನೋಡುತ್ತಿದ್ದಳು. ಒಂಬತ್ತನೆಯ ಮಾರು ಮುಗಿದ ಮೇಲೆ ಅಂಜಿನಿ ಕುಡುಗೋಲಿನಿಂದ ಹಗ್ಗ ಕಡಿದು, ತುದಿಗೆ ಮುಷ್ಟಿ ಗಾತ್ರದ ಗಂಟು ಹಾಕಿ, ಸುರುಳಿ ಸುತ್ತಿ ಬಾನಿಯ ನೀರಲ್ಲಿ ಮುಳುಗಿಸಿದಳು. ತೇಲಬಾರದೆಂದು ಮೇಲೊಂದು ಕಲ್ಲು ಹೇರಿದಳು. ಒಣ ನಾರು ಕೈ ಕೊಯ್ಯುತ್ತದೆ, ರಾತ್ರಿಯೆಲ್ಲ ನೆನೆದರೆ ಮೆತ್ತಗಾಗುತ್ತದೆ.

ಅವಳ ಅಪ್ಪ ಮರಿಯಣ್ಣ ಬಾವಿ ಇಳಿಯುವವನು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಿತ್ತಲುಗಳಲ್ಲಿ ಎಲ್ಲೆಲ್ಲಿ ಬಾವಿಯಿದೆ, ಯಾವುದರ ತಳದಲ್ಲಿ ಬಂಡೆ, ಯಾವುದರಲ್ಲಿ ಮರಳು ಎಂಬುದು ಅವನಿಗೆ ಬಾಯಿಪಾಠ. ಬಿದ್ದ ಕೊಡ ತೆಗೆಯುವುದು, ಹೂಳು ಎತ್ತುವುದು, ಕುಸಿದ ಕಲ್ಲು ಕೂರಿಸುವುದು ಅವನ ಕಸುಬು. ಜೊತೆಗಾರ ಹೆಂಡತಿಯ ತಮ್ಮ ಸೊಣ್ಣಪ್ಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಅಂಜಿನಿಯೂ ಜೊತೆಗೆ ಹೋಗುತ್ತಾಳೆ. ಹೂಳಿನ ಬುಟ್ಟಿ ಮೇಲೆ ಬಂದಾಗ ಹಿಡಿದು ಪಕ್ಕಕ್ಕೆ ಸುರಿಯುವುದು ಅವಳ ಕೆಲಸ. ಯಾರ ಮನೆಯ ಹಿತ್ತಲಲ್ಲೂ ಅವಳು ಬಾಯಿ ಬಿಟ್ಟಿದ್ದನ್ನು ಕೇಳಿದವರಿಲ್ಲ. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು.

ಹಗ್ಗ ಅಳೆಯುವುದು ಮಾತ್ರ ಯಾವಾಗಲೂ ಅಪ್ಪನದೇ. ಆ ದಿನ ಅವನಿಗೆ ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ನೀರಿನ ತೊಟ್ಟಿ ತೊಳೆಯುವ ಕೆಲಸ ಸಿಕ್ಕಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, ನಾಳೆ ಬಸವನಗುಡಿ ಮೇಷ್ಟ್ರ ಮನೆ ಬಾವಿ, ತರಗುಪೇಟೆಯಿಂದ ತಂದ ಹೊಸ ಹಗ್ಗದಲ್ಲಿ ಒಂಬತ್ತು ಮಾರು ಅಳೆದು ಕಡಿದು ನೆನೆ ಹಾಕಿರು ಎಂದು ಮಗಳಿಗೆ ಹೇಳಿದ್ದ. ನೀನೇ ಮಾಡು ಎಂದು ಅಪ್ಪ ಹೇಳಿದ್ದು ಅದೇ ಮೊದಲು. ಅಂಜಿನಿಗೆ ಒಳಗೊಳಗೇ ಹಿಗ್ಗು. ಅಷ್ಟು ಹಿಗ್ಗಿಗೆ ಕೈಯನ್ನು ಇನ್ನೂ ಸ್ವಲ್ಪ ಹೆಚ್ಚೇ ಚಾಚಿದ್ದಳು.

ಮಾರನೆಯ ಬೆಳಿಗ್ಗೆ ಮೂವರೂ ಮೇಷ್ಟ್ರ ಹಿತ್ತಲಲ್ಲಿದ್ದರು. ಶ್ರೀನಿವಾಸಯ್ಯನವರು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿ ರಿಟೈರಾದವರು. ಕಾವೇರಿ ನೀರು ನಲ್ಲಿಗೆ ಬಂದಾಗಿನಿಂದ ಆ ಮನೆಯವರು ಬಾವಿಯ ಕಡೆ ತಿರುಗಿ ನೋಡಿರಲಿಲ್ಲ. ಈ ಬೇಸಿಗೆಯಲ್ಲಿ ನಲ್ಲಿ ಒಂದು ದಿನ ಬಂದರೆ ಮೂರು ದಿನ ಬರದೆ, ಬಾವಿ ಮತ್ತೆ ನೆನಪಾಗಿತ್ತು. ಹಿಂದೆ ಎರಡು ಸಲ ಇದೇ ಬಾವಿಗೆ ಇಳಿದಿದ್ದ ಮರಿಯಣ್ಣನಿಗೆ ಅದರ ಆಳ ಕೇಳಬೇಕಾಗಿರಲಿಲ್ಲ. ಮೇಲೆ ಕಲ್ಲುಕಟ್ಟಡ, ಕೆಳಗೆ ಒಡೆದು ಅಗಲ ಮಾಡಿದ ಬಂಡೆ, ತಳದಲ್ಲಿ ನೀರು ಬತ್ತಿ ಉಳಿದ ಕೆಸರು, ನಡುವೆ ಕಾಲಿಡಲು ಏನೂ ಇಲ್ಲ.

ಮೇಷ್ಟ್ರ ಹೆಂಡತಿ ಶಕುಂತಲಮ್ಮನವರು ಕಾಫಿ ಲೋಟಗಳನ್ನು ಬಾವಿಕಟ್ಟೆಯ ಮೇಲಿಟ್ಟು, ಅಂಜಿನಿ ತಂದಿದ್ದ ಮಲ್ಲಿಗೆಯನ್ನು ಕೈಯಲ್ಲಿ ಎತ್ತಿ ನೋಡಿ ನಕ್ಕರು. ಅವರು ಗಾಂಧಿಬಜಾರಿನಲ್ಲಿ ನರಸಮ್ಮನ ಹತ್ತಿರ ಹೂವು ಕೊಳ್ಳುವವರು.

“ನಿಮ್ಮಮ್ಮನ ಮಾರು ವರ್ಷ ವರ್ಷಕ್ಕೂ ಚಿಕ್ಕದಾಗ್ತಿದೆ ಕಣೆ. ನಾಳೆಯಿಂದ ಹೂವು ಅಳೆಯೋಕೆ ನಿಮ್ಮಪ್ಪನ್ನ ಕಳಿಸು ಅನ್ನು.”

ಮರಿಯಣ್ಣ ತನ್ನ ಉದ್ದನೆಯ ತೋಳುಗಳನ್ನು ನೋಡಿಕೊಂಡು, ಆಮೇಲೆ ಅಂಗಡಿ ಮುಚ್ಚಬೇಕಾಗುತ್ತದೆ ತಾಯಿ ಎಂದ. ಎಲ್ಲರೂ ನಕ್ಕರು. ಅಂಜಿನಿಯೂ ತಲೆ ತಗ್ಗಿಸಿಕೊಂಡು ನಕ್ಕಳು.

ಮರಿಯಣ್ಣ ಹಳೆಯ ಪೇಪರು ಹೊತ್ತಿಸಿ ಬಾವಿಗೆ ಬಿಟ್ಟ. ಅದು ಉರಿಯುತ್ತಲೇ ಕೆಳಗೆ ಹೋಯಿತು, ಗಾಳಿ ಕೆಟ್ಟಿರಲಿಲ್ಲ. ನೆನೆದ ಹಗ್ಗದ ಸುರುಳಿ ಎತ್ತಿಕೊಂಡು ಒಂದು ಗಳಿಗೆ ಕೈಯಲ್ಲೇ ತೂಗಿದ. ಅಂಜಿನಿ ಅದನ್ನು ನೋಡಿದಳು. ಅಷ್ಟರಲ್ಲಿ ಸೊಣ್ಣಪ್ಪ ಏನೋ ಕೇಳಿದ, ಅಪ್ಪ ಏನೋ ಹೇಳಿದ, ಹಗ್ಗದ ಒಂದು ತುದಿ ಕಲ್ಲುಕಂಬಕ್ಕೆ ಸುತ್ತಿಕೊಂಡಿತು, ಇನ್ನೊಂದು ತುದಿ ಬಾವಿಯೊಳಗೆ ಹೋಯಿತು.

ಅವನ ಇಳಿಯುವ ರೀತಿಯೇ ಬೇರೆ. ಬೇರೆಯವರ ಹಾಗೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಮೂಟೆಯಂತೆ ಇಳಿಯುವುದು ಅವನಿಗೆ ಆಗದು. ಕೈಗೆ ಕೈ ಬದಲಿಸುತ್ತಾ, ಕಾಲ ಬೆರಳಲ್ಲಿ ಹಗ್ಗ ಹಿಡಿಯುತ್ತಾ ತಾನಾಗಿ ಇಳಿಯುತ್ತಾನೆ. ದೀಪ ಒಯ್ಯುವುದಿಲ್ಲ. ಕೊನೆಯ ಗಂಟು ಕೈಗೆ ಸಿಕ್ಕಿತೆಂದರೆ ಕಾಲ ಕೆಳಗೆ ಕೆಸರಿದೆ ಎಂದರ್ಥ. ಅಲ್ಲಿ ಕೈ ಬಿಡುತ್ತಾನೆ. ಮರುಕ್ಷಣ ಕೆಳಗಿನಿಂದ “ಹೂಂ, ಬುಟ್ಟಿ ಬಿಡು” ಎಂಬ ಕೂಗು ಬರುತ್ತದೆ. ಇಷ್ಟು ವರ್ಷ ಅವನ ಕಣ್ಣು ಎಂದರೆ ಆ ಗಂಟು.

ಅಪ್ಪನ ತಲೆ ಕತ್ತಲಲ್ಲಿ ಮುಳುಗುತ್ತಿದ್ದಂತೆ ಮೇಷ್ಟ್ರು ತಮ್ಮ ಕ್ಯಾನ್ವಾಸಿನ ಆರಾಮಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. ಬಾವಿ ಎಷ್ಟು ಆಳ ಎಂದು ಅವರು ಆಗಲೇ ಕೇಳಿದ್ದರು, ಒಂಬತ್ತು ಮಾರು ಸ್ವಾಮಿ ಎಂದು ಮರಿಯಣ್ಣ ಹೇಳಿದ್ದ. ಆ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಅವರಿಗೆ ಮಾತುಗಳ ಹುಟ್ಟು ಹೇಳುವ ಹುಚ್ಚು. ಶಕುಂತಲಮ್ಮನವರು ಅದನ್ನು ಬಲ್ಲವರಾದ್ದರಿಂದ, ಒಲೆಯ ಮೇಲೆ ಕುಕ್ಕರ್ ಇದೆ ಎಂದು ಒಳಗೆ ಹೋದರು. ಸೊಣ್ಣಪ್ಪ ಬಾವಿಕಟ್ಟೆಗೆ ಒರಗಿ ಬೀಡಿ ಹಚ್ಚಿದ. ಉಳಿದವಳು ಅಂಜಿನಿ.

ಇಂಗ್ಲಿಷಿನಲ್ಲಿ ಫ್ಯಾದಮ್ ಎಂಬ ಮಾತಿದೆ, ಸಮುದ್ರದ ಆಳವನ್ನು ಅದರಲ್ಲಿ ಹೇಳುತ್ತಾರೆ ಎಂದು ಅವರು ಶುರು ಮಾಡಿದರು. ಹಡಗಿನವರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು, ಮೇಲೆ ಎಳೆದುಕೊಳ್ಳುವಾಗ ಎರಡು ಕೈ ಚಾಚಿ ಚಾಚಿ ಅಳೆಯುತ್ತಿದ್ದರಂತೆ. ಒಂದು ಚಾಚು ಒಂದು ಫ್ಯಾದಮ್. ಎಲ್ಲಿಯ ಹಡಗು, ಎಲ್ಲಿಯ ಬಸವನಗುಡಿ ಬಾವಿ, ನಿಮ್ಮಪ್ಪ ಮಾರು ಅಂದಾಗ ನನಗೆ ಮೈ ಜುಮ್ಮೆಂದಿತು ಎಂದರು. ಆಮೇಲೆ ಸಮುದ್ರವನ್ನೇ ಕಾಣದವರು ಮನಸ್ಸಿಗೂ ಅದೇ ಮಾತು ಬಳಸತೊಡಗಿದರು. ಇನ್ನೊಬ್ಬರ ಒಳಗು ತಿಳಿಯದಿದ್ದರೆ ಫ್ಯಾದಮ್ ಮಾಡಲಾರೆ ಎನ್ನುತ್ತಾರೆ, ತಳ ಸಿಗಲಿಲ್ಲ ಎಂದ ಹಾಗೆ.

“ಆದರೆ ಬುಡದಲ್ಲಿ ಅದು ಆಳದ ಮಾತೇ ಅಲ್ಲ ಕಣಮ್ಮ. ಎರಡು ಕೈ ಚಾಚಿ ತಬ್ಬಿಕೊಳ್ಳೋದು. ಅಷ್ಟೇ. ತಬ್ಬಿಕೊಂಡಾಗ ಎಷ್ಟು ಹಿಡೀತೋ ಅದು ಫ್ಯಾದಮ್.”

ಅಂಜಿನಿಗೆ ಮುಖ ಬಿಸಿಯಾಯಿತು. ದೊಡ್ಡವರು ಇಂಥ ಮಾತನ್ನು ಬಿಸಿಲಲ್ಲಿ ಕೂತು ಹೇಳುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳುತ್ತಿರಲಿಲ್ಲ. ಅವಳು ನೆಲ ನೋಡುತ್ತಾ, ಬಿಗಿಯಾಗಿ ಸಣ್ಣಗೆ ನಡುಗುತ್ತಿದ್ದ ಹಗ್ಗವನ್ನು ನೋಡುತ್ತಾ ನಿಂತಳು. ಹಗ್ಗ ನಡುಗುತ್ತಿದೆ ಎಂದರೆ ಅಪ್ಪ ಇನ್ನೂ ಇಳಿಯುತ್ತಿದ್ದಾನೆ.

ಮೇಷ್ಟ್ರು ಬೆರಳೆತ್ತಿದರು. ಇಲ್ಲೊಂದು ತೊಡಕಿದೆ, ಯಾರ ತೋಳು ಎನ್ನುವುದು. ಒಬ್ಬ ಉದ್ದ, ಒಬ್ಬ ಗಿಡ್ಡ. ಅದಕ್ಕೇ ಆಮೇಲೆ ಅವರು ಫ್ಯಾದಮ್ ಎಂದರೆ ಆರಡಿ ಎಂದು ಗೊತ್ತು ಮಾಡಿಕೊಂಡರು. ನಮ್ಮವರು ಮಾತ್ರ ಅವರವರ ಕೈಗೇ ಬಿಟ್ಟುಬಿಟ್ಟರು ಎಂದು ನಕ್ಕು, “ಎಲ್ಲಿ, ಕೈ ಚಾಚು ನೋಡೋಣ” ಎಂದರು.

ಇಲ್ಲ ಎನ್ನಲಾರದೆ ಅವಳು ಎರಡೂ ಕೈ ಚಾಚಿದಳು.

“ನೋಡಿದ್ಯಾ? ನಿಂದು ಐದಡಿ ಆದ್ರೆ ಹೆಚ್ಚು. ನಿಮ್ಮಪ್ಪಂದು ಆರು ದಾಟುತ್ತೆ. ಒಂದು ಮಾರಿಗೆ ಒಂದಡಿ ಹೋಯ್ತಲ್ಲ.”

ಅವಳ ಕೈ ಚಾಚಿದ ಹಾಗೇ ಉಳಿಯಿತು. ನಿನ್ನೆ ಚಪ್ಪಡಿಕಲ್ಲಿನ ಮೇಲೆ ನಿಂತಾಗ ಚಾಚಿದ್ದು ಇದೇ ಕೈ. ಒಂದು ಮಾರಿಗೆ ಒಂದಡಿ ಹೋದರೆ ಒಂಬತ್ತಕ್ಕೆ ಎಷ್ಟು ಎಂಬ ಲೆಕ್ಕ ಅವಳು ಮಾಡಲಿಲ್ಲ, ಅದು ತಾನಾಗಿಯೇ ಆಯಿತು. ಒಂಬತ್ತು ಅಡಿ, ಅಪ್ಪನ ತಲೆಯ ಮೇಲೆ ಇನ್ನೊಬ್ಬ ಅರ್ಧ ಅಪ್ಪ ನಿಂತಷ್ಟು ಹಗ್ಗ, ಅಲ್ಲಿ ಇರಲಿಲ್ಲ. ಗಂಟು ಕೆಸರಿನ ಹತ್ತಿರ ಇರಲಿಲ್ಲ. ಕತ್ತಲಲ್ಲಿ, ನಡುವೆ, ಬಂಡೆಯ ಮೇಲೆ ತೂಗುತ್ತಿತ್ತು.

ಕೂಗಬೇಕು. ಮೇಷ್ಟ್ರು ಇನ್ನೂ ಮಾತಾಡುತ್ತಿದ್ದರು. ಅವರ ಮಾತಿನ ನಡುವೆ ಬಾಯಿ ಹಾಕುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. “ಮಾಮ” ಎಂದಳು. ಅದು ಉಸಿರಾಗಿ ಬಂತು. ಸೊಣ್ಣಪ್ಪ ಬೀಡಿಯ ಬೂದಿ ಕೊಡವಿದ. “ಮಾಮ, ಅಪ್ಪನ್ನ ತಡಿ” ಎಂದಳು. ಈ ಸಲ ಮೇಷ್ಟ್ರು ಮಾತು ನಿಲ್ಲಿಸಿ ಅವಳ ಮುಖ ನೋಡಿದರು. ಸೊಣ್ಣಪ್ಪ ತಿರುಗಿದ. ಆಗಲೇ ಹಗ್ಗದ ನಡುಕ ನಿಂತು, ಅದು ಸಡಿಲವಾಗಿ ಕಟ್ಟೆಗೆ ತಾಗಿತು.

ಕೆಳಗಿನಿಂದ ಸದ್ದು ಬಂತು. ತರಗುಪೇಟೆಯಲ್ಲಿ ಗಾಡಿಯಿಂದ ಬೇಳೆಮೂಟೆ ಎಸೆದಂಥ ಸದ್ದು. ಆಮೇಲೆ ಏನೂ ಇಲ್ಲ. ಬುಟ್ಟಿ ಬಿಡು ಎಂಬ ಕೂಗಿಗೆ ಮೂವರೂ ಕಾದರು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಸೊಣ್ಣಪ್ಪ ಬಗ್ಗಿ, “ಭಾವಾ” ಎಂದು ಕರೆದ. ಬಾವಿ ಅದೇ ಮಾತನ್ನು ಅವನಿಗೆ ವಾಪಸು ಹೇಳಿತು. ಕುಕ್ಕರ್ ಮತ್ತೊಮ್ಮೆ ಕೂಗಿತು. ಬೀಡಿ ಸೊಣ್ಣಪ್ಪನ ಬೆರಳ ನಡುವೆ ಇನ್ನೂ ಉರಿಯುತ್ತಿತ್ತು, ಅಂಜಿನಿಯ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಮೇಷ್ಟ್ರು ಆ ಕೈಗಳನ್ನು ನೋಡಿದರು, ಹಗ್ಗ ನೋಡಿದರು, ಮತ್ತೆ ಆ ಕೈಗಳನ್ನು ನೋಡಿದರು.

ಆಮೇಲೆ ನಡೆದದ್ದೆಲ್ಲ ಬೇರೆ ಯಾರದೋ ಮನೆಯಲ್ಲಿ ನಡೆದ ಹಾಗೆ ಅಂಜಿನಿ ನೋಡಿದಳು. ಸೊಣ್ಣಪ್ಪ ಬುಟ್ಟಿಯ ಹಗ್ಗ ಸೊಂಟಕ್ಕೆ ಕಟ್ಟಿಸಿಕೊಂಡು ಇಳಿದ. ಬೀದಿಯಿಂದ ಗಂಡಸರು ಓಡಿಬಂದರು. ಕೆಳಗಿನಿಂದ ಅವನು, ಉಸಿರಾಡ್ತಾವ್ನೆ, ತಲೆ ಬಂಡೆಗೆ ಬಡಿದೈತೆ ಎಂದು ಕೂಗಿದ. ಸ್ವಲ್ಪ ಹೊತ್ತಿನ ಮೇಲೆ ದನಿ ಬದಲಾಗಿ, “ಭಾವನ ಹಗ್ಗ ಮೇಲೇ ನಿಂತೈತೆ, ಹಗ್ಗ ಸಾಲ್ದು” ಎಂದ. ಯಾರೋ ಮೇಷ್ಟ್ರನ್ನು ಎಬ್ಬಿಸಿ, ಕುರ್ಚಿಯ ಕ್ಯಾನ್ವಾಸನ್ನು ಕೊಯ್ದು ಕೆಳಗೆ ಬಿಟ್ಟರು. ಅದರಲ್ಲಿ ಸುತ್ತಿ ಕಟ್ಟಿದ ಮರಿಯಣ್ಣ ಮೇಲೆ ಬಂದ, ಹೂಳಿನ ಬುಟ್ಟಿ ಬರುವ ದಾರಿಯಲ್ಲೇ. ಅಭ್ಯಾಸಬಲದಿಂದ ಅಂಜಿನಿ ಮುಂದೆ ಹೋಗಿ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಪಕ್ಕದ ಮನೆಯವರ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿದರು. ತಿರುವುಗಳಲ್ಲಿ ಜಾರುತ್ತಿದ್ದ ಅಪ್ಪನನ್ನು ಅವಳು ಎರಡೂ ತೋಳಿನಿಂದ ಬಳಸಿ ಹಿಡಿದಳು. ನೆನಪಿರುವ ಮಟ್ಟಿಗೆ ಅವನನ್ನು ತಬ್ಬಿಕೊಂಡಿದ್ದು ಅದೇ ಮೊದಲು. ಬೆನ್ನಿನ ಹಿಂದೆ ಅವಳ ಬೆರಳುಗಳು ಒಂದನ್ನೊಂದು ಮುಟ್ಟಲಿಲ್ಲ. ಅವನ ಮೈಯಲ್ಲಿ ಕೆಸರಿನ ವಾಸನೆ ಇತ್ತು, ನೆನೆದ ನಾರಿನ ವಾಸನೆ ಇತ್ತು. ಮಾರ್ಕೆಟ್ ದಾಟುವಾಗ ಅವನ ಎದೆ ಒಮ್ಮೆ ದೊಡ್ಡದಾಗಿ ಉಬ್ಬಿ ಅವಳ ತೋಳನ್ನು ತಳ್ಳಿತು. ಮತ್ತೆ ತಳ್ಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಒಬ್ಬಳು ಬಂದು, ಕೈ ತೆಗಿಯಮ್ಮ, ಕೈ ತೆಗಿ ಎಂದು ಹೇಳಿಯೇ ಹೇಳಿದಳು. ಕೊನೆಗೆ ಇಬ್ಬರು ಸೇರಿ ಅವಳ ಬೆರಳುಗಳನ್ನು ಬಿಡಿಸಬೇಕಾಯಿತು.

ಸಂಜೆಯ ಹೊತ್ತಿಗೆ ಕಾರಣವೊಂದು ಸಿಕ್ಕಿತು. ಹೊಸ ನಾರು ನೆನೆದರೆ ಕುಗ್ಗುತ್ತದೆ, ಹಾಳು ಹಗ್ಗ ಕುಗ್ಗಿಬಿಟ್ಟಿತು ಎಂದು ಸೊಣ್ಣಪ್ಪನೇ ಹೇಳಿದ. ಬರೆದುಕೊಳ್ಳಲು ಬಂದ ಪೊಲೀಸಿನವನೂ ಹೌದೌದು ಎಂದ. ಓಣಿಯವರು ತರಗುಪೇಟೆಯ ಅಂಗಡಿಯವನ ಮನೆ ಹಾಳಾಗಲಿ ಎಂದು ಬೈದರು. ಹಗ್ಗ ಯಾರು ಅಳೆದರು ಎಂದು ಒಬ್ಬರೂ ಕೇಳಲಿಲ್ಲ. ಅವರಿಗೆ ಅದು ಕೇಳುವ ಮಾತೇ ಆಗಿರಲಿಲ್ಲ. ಒಂಬತ್ತು ಮಾರು ಎಂದರೆ ಒಂಬತ್ತು ಮಾರು. ಅಪ್ಪನೂ ಹಾಗೇ ಅಂದುಕೊಂಡಿದ್ದ. ಅದಕ್ಕೇ ಅವನು ಗಂಟು ಸಿಕ್ಕಿದೊಡನೆ ಕೈ ಬಿಟ್ಟ.

ಅಂಜಿನಿ ಹೇಳಲು ನೋಡಿದಳು. ಅಮ್ಮನ ಪಕ್ಕ ಕೂತು ಬಾಯಿ ತೆರೆದಾಗ ಯಾರೋ ಹೆಂಗಸು, ಏನೂ ತಿಂದಿಲ್ಲ ಮಗು ಎಂದು ಕಾಫಿ ಲೋಟ ತಂದು ತುಟಿಗಿಟ್ಟಳು. ನರಸಮ್ಮ ಅಳುತ್ತಿರಲಿಲ್ಲ. ನಿನ್ನೆ ಕಟ್ಟಿ ಉಳಿದಿದ್ದ ಮಲ್ಲಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡೂ ಕೈಯಿಂದ ಎಳೆದು ಚಾಚಿ, ಬಿಟ್ಟು, ಮತ್ತೆ ಚಾಚುತ್ತಿದ್ದಳು. ಅಮ್ಮನಿಗೆ ಗೊತ್ತಿತ್ತೇ? ಅವಳು ಹೊಸಿಲ ಒಳಗೇ ಕೂತಿದ್ದಳಲ್ಲ. ಅಳೆಯುವುದನ್ನು ನೋಡಿದ್ದಳಲ್ಲ. ಆ ಮುಖದಲ್ಲಿ ಎಷ್ಟು ಹುಡುಕಿದರೂ ಅಂಜಿನಿಗೆ ತಳ ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಹೆಣ ಕೊಟ್ಟರು. ಮನೆಯ ಮುಂದೆ, ಅದೇ ಚಪ್ಪಡಿಕಲ್ಲಿನ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದರು. ತಲೆಗೆ ಬಿಳಿ ಬಟ್ಟೆ, ಕೊರಳಿಗೆ ಹೂವು. ಕೈಗಳನ್ನು ಜೋಡಿಸಿ ಹೆಬ್ಬೆರಳಿಗೆ ದಾರ ಕಟ್ಟಿದ್ದರು. ಇನ್ನು ಆ ತೋಳುಗಳು ಚಾಚುವುದಿಲ್ಲ ಎಂಬುದು ಅಂಜಿನಿಗೆ ಆ ದಾರ ಕಂಡಾಗ ಹೊಳೆಯಿತು. ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಓಣಿಯ ತಿರುವಿನಲ್ಲಿ ಶ್ರೀನಿವಾಸಯ್ಯನವರು ನಿಂತಿದ್ದರು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟಿದ್ದರು. ಯಾರೋ ಸ್ಟೂಲು ತಂದಿಟ್ಟರೂ ಕೂರಲಿಲ್ಲ. ಒಂದು ರಾತ್ರಿಯಲ್ಲಿ ಮನುಷ್ಯ ಇಷ್ಟು ಸಣ್ಣಗಾಗುತ್ತಾನೆಯೇ ಎಂಬಂತೆ ಇದ್ದರು. ಅವರಿಗೆ ಗೊತ್ತು ಎಂದು ಅಂಜಿನಿಗೆ ಗೊತ್ತು; ಆ ಹಿತ್ತಲಲ್ಲಿ ಅವಳ ಕೈಯನ್ನೂ ಹಗ್ಗವನ್ನೂ ಒಟ್ಟಿಗೆ ನೋಡಿದವರು ಅವರೊಬ್ಬರೇ. ಅವರು ಒಂದು ಮಾತು ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಅವಳಿಗೆ ಭಯವಾಯಿತು. ಹೇಳಿಬಿಡಲಿ ಎಂದೂ ಆಯಿತು. ಅವರು ಅವಳತ್ತ ನೋಡಿ, ತುಟಿ ತೆರೆದು, ಮುಚ್ಚಿ, ನೆಲ ನೋಡಿದರು.

ಮರಿಯಣ್ಣನ ಮನೆತನದಲ್ಲಿ ಒಂದು ಪದ್ಧತಿಯಿದೆ. ಬಾವಿ ಇಳಿಯುವವನು ಸತ್ತರೆ ಅವನನ್ನು ಹೂಳುವ ಗುಂಡಿಯನ್ನು ಅವನ ಮಾರಿನಿಂದಲೇ ಅಳೆಯಬೇಕು. ಉದ್ದಕ್ಕೂ ಅದೇ, ಆಳಕ್ಕೂ ಅದೇ. ಮನುಷ್ಯ ಎರಡು ಕೈ ಚಾಚಿದರೆ ಎಷ್ಟು ಉದ್ದವೋ, ನಿಂತರೂ ಅಷ್ಟೇ ಉದ್ದ, ಅಷ್ಟಿದ್ದರೆ ಅವನಿಗೆ ಸಾಕು ಎಂದು ಹಿರಿಯರ ಲೆಕ್ಕ. ಸತ್ತವನ ಕೈ ಬಿಚ್ಚುವ ಹಾಗಿಲ್ಲ. ಅವನ ಮಗುವೇ ಹಗ್ಗ ಹಿಡಿದು ಕೈ ಚಾಚಿ ಅಳತೆ ಕೊಡಬೇಕು. ಮರಿಯಣ್ಣ ಅವನ ಅಪ್ಪನಿಗೆ ಹಾಗೇ ಕೊಟ್ಟಿದ್ದ. ಇಬ್ಬರದೂ ಒಂದೇ ಆಳುದ್ದ. ಮರಿಯಣ್ಣನಿಗೆ ಗಂಡುಮಕ್ಕಳಿರಲಿಲ್ಲ.

ಸೊಣ್ಣಪ್ಪ ಒಳಗಿನಿಂದ ಉಳಿದಿದ್ದ ಹೊಸ ಹಗ್ಗದ ಕಟ್ಟು ತಂದ. ಅದನ್ನು ಯಾರೂ ನೆನೆಸಿರಲಿಲ್ಲ. ತುದಿಯನ್ನು ಬಿಡಿಸಿ ಅಂಜಿನಿಯ ಕೈಗೆ ಕೊಟ್ಟು, ಮೆಲ್ಲಗೆ ಹೇಳಿದ.

“ನಿಮ್ಮಪ್ಪನ ಮಾರು ಕೊಡು ಮಗಾ. ಗುಂಡಿ ತೆಗೆಯೋರು ಕಾಯ್ತವ್ರೆ.”

ಅವಳು ಎದ್ದು ನಿಂತಳು. ಒಣ ನಾರು ಬೆರಳ ಸಂದಿಯನ್ನು ಚುಚ್ಚಿತು. ಎಡಗೈಗೆ ತುದಿ ಸಿಕ್ಕಿಸಿ ಬಲಗೈ ಚಾಚಿದಳು, ಚಾಚುವಷ್ಟು ಚಾಚಿದಳು. ಭುಜದ ಕೀಲು ನೋಯುವವರೆಗೆ ಚಾಚಿದಳು. ಸೊಣ್ಣಪ್ಪ ಕುಡುಗೋಲು ಹಿಡಿದು ಬಂದ. ತನ್ನ ಬಲಗೈಯ ತುದಿಯನ್ನೂ ಗೋಡೆಗೆ ಒರಗಿದ ಅಪ್ಪನ ಉದ್ದ ಕಾಲುಗಳನ್ನೂ ಅವಳು ಒಮ್ಮೆ ನೋಡಿದಳು. ಹಗ್ಗ ಕೈಬಿಟ್ಟು ಕೆಳಗೆ ಬಿತ್ತು.

“ಇದು ನನ್ನ ಮಾರು ಮಾಮ. ಅಪ್ಪಂಗೆ ಸಾಲಲ್ಲ.”

ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಇಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

“ಮೊನ್ನೆನೂ ನಾನೇ ಅಳೆದಿದ್ದು. ಹಗ್ಗ ಕುಗ್ಗಿರಲಿಲ್ಲ.”

ಸೊಣ್ಣಪ್ಪನ ಕೈಯಲ್ಲಿದ್ದ ಕುಡುಗೋಲು ತಾನಾಗಿ ಕೆಳಗಿಳಿಯಿತು. ಅವನು ಅವಳ ತೋಳುಗಳನ್ನು ನೋಡಿದ, ಮೊದಲ ಸಲ ನೋಡುವವನಂತೆ. ಮಡಿಲಲ್ಲಿ ಇನ್ನೂ ಹೂವು ಎಳೆದು ಚಾಚುತ್ತಿದ್ದ ನರಸಮ್ಮನ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ. ಓಣಿಯ ತಿರುವಿನಲ್ಲಿ ಮೇಷ್ಟ್ರು ಮುಖಕ್ಕೆ ಪಂಚೆಯ ಅಂಚು ಒತ್ತಿಕೊಂಡು ನಿಂತಿದ್ದರು. ಅಂಜಿನಿ ಹಗ್ಗದ ತುದಿಯನ್ನು ನೆಲದಿಂದ ಎತ್ತಿ, ಮೊದಲು ಮಾಮನಿಗೆ, ಆಮೇಲೆ ಅಮ್ಮನಿಗೆ, ಆಮೇಲೆ ಅಲ್ಲಿ ನಿಂತಿದ್ದ ಎಲ್ಲರಿಗೂ ಚಾಚಿ ಹಿಡಿದಳು. ಯಾರ ಕೈಯೂ ಮುಂದೆ ಬರಲಿಲ್ಲ.

“ಉದ್ದ ಕೈಯೋರು ಯಾರಾದ್ರೂ ಬಂದು ಅಳೀರಿ” ಎಂದಳು.